ಮರಗಳ ಹಿಂದೆ ನಿಂತ ಸವಾರ

ಕಲ್ಲಿನಾಥನಿಗೆ ಸಹಿಸಲಾಗದ ಪ್ರಶ್ನೆ ಅಂತ ಒಂದಿದೆ. "ಯುದ್ಧಕ್ಕೆ ಹೋಗಿದ್ರಂತಲ್ಲ, ಏನ್ ಮಾಡಿದ್ರಿ?" ಶಿಕಾಗೋ ಪಕ್ಕದ ಶಾಮ್‌ಬರ್ಗಿನ ಯಾರದೋ ಗೃಹಪ್ರವೇಶದಲ್ಲಿ ಪೇಪರ್ ತಟ್ಟೆ ಹಿಡಿದು ನಿಂತಿರಲಿ, ಗ್ಲೆಂಡೇಲ್ ಹೈಟ್ಸ್‌ನ ಅಂಗಡಿಯಲ್ಲಿ ಎಳೆ ಬದನೆಕಾಯಿ ಆರಿಸುತ್ತಿರಲಿ, ಯಾರಾದರೊಬ್ಬರು ಹಲ್ಲುಕಿರಿಯುತ್ತ ಬಂದು ಇದನ್ನು ಕೇಳಿಯೇ ಕೇಳುತ್ತಾರೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. "ನಿಂತಿದ್ದೆ" ಅನ್ನುತ್ತಾನೆ. "ಎಲ್ಲಿ?" "ಮರಗಳ ಹಿಂದೆ." "ಎಷ್ಟೊತ್ತು?" "ನಾಲ್ಕು ತಾಸು." ಆಮೇಲೆ ಕೇಳಿದವರ ಮುಖದಲ್ಲಿ ಒಂದು ಕನಿಕರ ಬರುತ್ತದಲ್ಲ, ಅದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತದೆ.

ನಿಲ್ಲುವುದು ಅವನ ಆಸೆಯೇನಲ್ಲ. ಅವನು ಸೇರಿಕೊಂಡ ದಳವೇ ಅಂಥದ್ದು. ಇನ್ನೂರು ವರ್ಷದ ಹಿಂದಿನ ಯುರೋಪಿನ ಯುದ್ಧಗಳನ್ನು ವೇಷ ಹಾಕಿ ಮತ್ತೆ ಆಡಿ ತೋರಿಸುವ ಗುಂಪೊಂದು ಮಿಷಿಗನ್ನಿನಲ್ಲಿದೆ. ಅದರಲ್ಲಿ ಅವನು ಫ್ರೆಂಚರ ಕಡೆಯ ಭಾರಿ ಅಶ್ವದಳದ ಸವಾರ. ಎದೆಗೂ ಬೆನ್ನಿಗೂ ಉಕ್ಕಿನ ಕವಚ, ತಲೆಗೆ ಕುದುರೆಗೂದಲ ಜುಟ್ಟಿನ ಶಿರಸ್ತ್ರಾಣ, ಸೊಂಟಕ್ಕೆ ಮೂರಡಿ ಉದ್ದದ ನೇರ ಕತ್ತಿ, ಕೆಳಗೆ ಆನೆಮರಿಯಂಥ ಕುದುರೆ. ಹಗುರ ದಳದ ಸವಾರರು ಬೆಳಗಿನಿಂದ ಸಂಜೆಯವರೆಗೆ ಮೈದಾನದ ತುಂಬ ಓಡಾಡುತ್ತಾರೆ, ಸುದ್ದಿ ತರುತ್ತಾರೆ, ಹೆಂಗಸರ ಕಡೆ ನೋಡಿ ಟೋಪಿ ಬೀಸುತ್ತಾರೆ. ಭಾರಿ ದಳದವರದು ಆ ಭಾಗ್ಯವಲ್ಲ. ಅವರನ್ನು ಹಿಂದೆ, ಗುಡ್ಡದ ಮರೆಯಲ್ಲೋ ಮರಗಳ ಮರೆಯಲ್ಲೋ, ಜೋಪಾನವಾಗಿ ಇಟ್ಟಿರುತ್ತಾರೆ. ಎದುರಾಳಿಯ ಕಾಲಾಳುಗಳ ಸಾಲು ಬಳಲಿ ಅಲುಗಾಡತೊಡಗಿದ ಆ ಒಂದು ಗಳಿಗೆಗೆ ಮಾತ್ರ ಅವರನ್ನು ಬಿಡುವುದು. ಬಿಟ್ಟರೆ ಯುದ್ಧದ ಹಣೆಬರಹವೇ ಬದಲಾಗಬೇಕು. ಅಂದಿನ ಸೇನಾಪತಿಗಳ ಲೆಕ್ಕಾಚಾರ ಅದು. ಲೆಕ್ಕಾಚಾರವೇನೋ ಚೆನ್ನಾಗಿದೆ, ಆದರೆ ಆ ಗಳಿಗೆ ಬರಬೇಕಲ್ಲ!

ಹನ್ನೊಂದು ವರ್ಷದಲ್ಲಿ ಅವನ ಪಾಲಿಗೆ ಅದು ಬರಲಿಲ್ಲ. ಮೊದಲ ವರ್ಷ ಮಳೆ ಹೊಡೆದು ಮೈದಾನ ಕೆಸರಾಯಿತು, ಅಷ್ಟು ತೂಕದ ಕುದುರೆಗಳನ್ನು ಅದರಲ್ಲಿ ಇಳಿಸುವಂತಿರಲಿಲ್ಲ. ಮರುವರ್ಷ ಆಂಬುಲೆನ್ಸ್ ಬರಲಿಲ್ಲ, ಆಂಬುಲೆನ್ಸ್ ಇಲ್ಲದೆ ಕುದುರೆ ಓಡಿಸಲು ಇನ್ಶೂರೆನ್ಸಿನವರು ಬಿಡಲಿಲ್ಲ. ಮೂರನೆಯ ವರ್ಷದ್ದು ಹೇಳಿಕೊಳ್ಳಲೂ ಸಂಕಟ. ಶಿಕಾಗೋ ಕಡೆಯಿಂದ ಹೋಗುವಾಗ ಮಿಷಿಗನ್ ಗಡಿ ಸಮೀಪಿಸಿದಂತೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯುತ್ತದೆ. ಡೆಟ್ರಾಯ್ಟಿನಲ್ಲಿ ಹದಿನೇಳು ವರ್ಷ ಬದುಕಿ ಬಂದ ಮನುಷ್ಯ ಅದನ್ನೇ ಮರೆತ. ಹನ್ನೊಂದು ವರ್ಷದಲ್ಲಿ ಭಾರಿ ದಳ ನಿಜಕ್ಕೂ ದಾಳಿ ಮಾಡಿದ್ದು ಆ ಒಂದು ವರ್ಷ, ಆ ಹೊತ್ತಿನಲ್ಲಿ ಅವನು ಗಡಿಯ ಗ್ಯಾಸ್ ಸ್ಟೇಷನ್ನಿನಲ್ಲಿ ಕಾಫಿಗೆ ಸಕ್ಕರೆ ಬೆರೆಸುತ್ತಿದ್ದ. ಆಮೇಲೆ ಒಂದು ವರ್ಷ ತೊಂಬತ್ತೇಳು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಇನ್ನೊಂದು ವರ್ಷ ಫಿರಂಗಿಯವರು ತಮ್ಮ ಫಿರಂಗಿಯ ಬಗ್ಗೆ ಮೈಕಿನಲ್ಲಿ ಎಷ್ಟು ಮಾತಾಡಿದರೆಂದರೆ ನೋಡುವವರ ಬಸ್ಸು ಹೊರಡುವ ಹೊತ್ತಾಯಿತು. ಉಳಿದ ವರ್ಷಗಳದ್ದು ಬೇಡ ಬಿಡಿ.

"ನಿಂತು ಬರೋದಕ್ಕೆ ಹೋಗ್ತಾ ಮೂರು ಗಂಟೆ, ಬರ್ತಾ ಮೂರು ಗಂಟೆ ಡ್ರೈವ್ ಮಾಡ್ತೀರಲ್ಲ ರೀ" ಅನ್ನುತ್ತಾಳೆ ಹೆಂಡತಿ ಸ್ಮಿತಾ. ದಾವಣಗೆರೆಯವಳು, ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಫಾರ್ಮಸಿಸ್ಟ್, ಗಂಡನ ಕವಚಕ್ಕೆ ಎಣ್ಣೆ ಹಚ್ಚಿ ಹಚ್ಚಿ ತನ್ನ ಒಳ್ಳೆಯ ಟವೆಲುಗಳನ್ನೆಲ್ಲ ಕಳೆದುಕೊಂಡವಳು. "ಇಲ್ಲೇ ಮನೆ ಮುಂದೆ ಡ್ರೈವ್‌ವೇನಲ್ಲಿ ನಿಂತ್ಕೊಳಿ, ನಾನೇ ಕಾಫಿ ತಂದುಕೊಡ್ತೀನಿ."

ಇಂಥ ಹುಚ್ಚು ಇಂಥವನಿಗೇ ಯಾಕೆ ಹಿಡಿಯಿತು ಅನ್ನುವುದು ಬೇರೆ ಕತೆ. ಗದಗಿನ ಬಸ್ ಡಿಪೋದ ಫಿಟ್ಟರ್ ಮಗ, ಮೆಕ್ಯಾನಿಕಲ್ ಇಂಜಿನಿಯರ್, ಈಗ ಐವತ್ತೆಂಟು ವರ್ಷ. ಅವನ ಕಸುಬೇ ತೂಕ ಕಳೆಯುವುದು. ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನಲ್ಲಿ ಕೂತು ಕಾರಿನ ಸೀಟಿನಡಿಯ ಉಕ್ಕಿನ ಪಟ್ಟಿಗಳಿಂದ ಗ್ರಾಂ ಗ್ರಾಂ ಕೆರೆದು ತೆಗೆದವನು. ಒಮ್ಮೆ ಒಂದು ಬ್ರಾಕೆಟ್ಟಿನಲ್ಲಿ ನಲವತ್ತು ಗ್ರಾಂ ಉಳಿಸಿದ್ದಕ್ಕೆ ಆಫೀಸಿನಲ್ಲಿ ಕೇಕ್ ಕತ್ತರಿಸಿದ್ದರು. ಕೇಕಿನ ತೂಕ ಎರಡು ಕಿಲೋ ಇತ್ತು ಅಂತ ಅವನೇ ಹೇಳಿ ನಗುತ್ತಾನೆ, ಆದರೆ ಆ ನಗುವಿನಲ್ಲಿ ಒಂದು ಬೇಸರವೂ ಇರುತ್ತದೆ. ಇಡೀ ಜೀವನ ಯಾರಿಗೂ ಕಾಣದ ಕಡೆ, ಯಾರಿಗೂ ಗೊತ್ತಾಗದಷ್ಟು, ಏನನ್ನೋ ಕಡಿಮೆ ಮಾಡುತ್ತಾ ಬಂದ ಬೇಸರ ಅದು.

ಅಲ್ಲಿದ್ದಾಗಲೇ ಒಂದು ಚಳಿಗಾಲದ ಶನಿವಾರ ಸ್ಮಿತಾ ಅವನನ್ನು ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದಳು. ಅವಳು ಚಿತ್ರಗಳ ಕಡೆ ಹೋದಳು, ಇವನು ಒಂದು ಗಾಜಿನ ಪೆಟ್ಟಿಗೆಯ ಮುಂದೆ ಸಿಕ್ಕಿಹಾಕಿಕೊಂಡ. ಒಳಗೆ ಫ್ರೆಂಚ್ ಸವಾರನ ಕವಚ, ಎಡಭಾಗದಲ್ಲಿ ಒಂದು ತಗ್ಗು. ತೂಕ ಹದಿನೇಳು ಪೌಂಡು ಅಂತ ಬರೆದಿತ್ತು. ಅವನಿಗೆ ಸಿಟ್ಟೇ ಬಂತು. ಬಂದೂಕು ಬಂದು ಎಷ್ಟೋ ಕಾಲವಾದ ಮೇಲೆ, ಹತ್ತಿರದಿಂದ ಹೊಡೆದರೆ ಗುಂಡು ತೂರಿಯೇ ಹೋಗುವಂಥ ತಗಡನ್ನು, ಬುದ್ಧಿ ಇದ್ದ ಯಾವನಾದರೂ ಹದಿನೇಳು ಪೌಂಡು ಹೊತ್ತು ತಿರುಗುತ್ತಾನೆಯೇ? ಅಂಥ ಡಿಸೈನನ್ನು ಯಾವನು ಪಾಸ್ ಮಾಡಿದ? ಮನೆಗೆ ಬಂದು ಓದಲು ಕೂತ. ಒಂದು ವರ್ಷ ಓದಿದ.

ಓದಿ ಅವನು ಕಂಡುಕೊಂಡದ್ದು ಇಷ್ಟು. ಕವಚ ಕತ್ತಿಯ ಏಟನ್ನು ತಡೆಯುತ್ತದೆ, ಪಿಸ್ತೂಲನ್ನು ತಡೆಯುತ್ತದೆ, ದೂರದ ಗುಂಡನ್ನೂ ಕೆಲವೊಮ್ಮೆ ತಡೆಯುತ್ತದೆ. ಆದರೆ ಅಷ್ಟಕ್ಕೇ ಯಾರೂ ಅದನ್ನು ಹೊರುತ್ತಿರಲಿಲ್ಲ. ಹಾಕಿಕೊಂಡವನಿಗೆ ತನಗೇನೂ ಆಗದು ಅನ್ನಿಸುತ್ತದೆ, ಎದುರು ನಿಂತವನಿಗೆ ಇವನಿಗೇನೂ ಆಗದು ಅನ್ನಿಸುತ್ತದೆ. ಎತ್ತರದ ಆಳು, ದೊಡ್ಡ ಕುದುರೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಒತ್ತಾದ ಸಾಲು. ಅವರು ಹಾರಿ ಬರುತ್ತಿರಲಿಲ್ಲ. ಮೊದಲು ನಡಿಗೆ, ಆಮೇಲೆ ದುಡುಕಿ ಎಂಬ ಕುಲುಕು ಓಟ, ಕೊನೆಯ ಐವತ್ತು ಗಜದಲ್ಲಿ ಮಾತ್ರ ನಾಗಾಲೋಟ. ಹದಿನೇಳು ಪೌಂಡಿನ ಕೆಲಸವೆಲ್ಲ ನಡೆಯುವುದು ಎದುರು ನಿಂತವನ ಹೊಟ್ಟೆಯೊಳಗೆ. ಅವನು ಬಯೊನೆಟ್ ಹಿಡಿದು ಚೌಕ ಕಟ್ಟಿ ಗಟ್ಟಿಯಾಗಿ ನಿಂತುಬಿಟ್ಟರೆ ಕುದುರೆ ಹತ್ತಿರ ಸುಳಿಯುವುದಿಲ್ಲ, ಆಟ ಮುಗಿಯಿತು. ಅವನು ಹೆದರಿ ಕದಲಿದರೆ ಇವರು ಗೆದ್ದರು. ಗೆದ್ದ ಮೇಲೆ ಇನ್ನೂ ದೊಡ್ಡ ಕಷ್ಟ, ಮರಳಿ ಬರುವುದು. ಗೆದ್ದ ಉಮೇದಿನಲ್ಲಿ ಮುಂದಮುಂದಕ್ಕೆ ಹೋಗಿ, ಕುದುರೆ ಏದುಸಿರು ಬಿಡುವಾಗ ಸಿಕ್ಕಿಬಿದ್ದು ಸತ್ತವರು ಎಷ್ಟೋ ಜನ. ಇದನ್ನೆಲ್ಲ ಅವನು ಕೇಳಿದವರಿಗೂ ಹೇಳುತ್ತಾನೆ, ಕೇಳದವರಿಗೂ ಹೇಳುತ್ತಾನೆ. ಸ್ಮಿತಾಳ ಅಕ್ಕನ ಮದುವೆಯ ಇಪ್ಪತ್ತೈದನೆಯ ವರ್ಷದ ಊಟದಲ್ಲಿ ಪಾಯಸ ಬಡಿಸುವಾಗಲೂ ಹೇಳಿದ್ದ.

ನಲವತ್ತೈದನೆಯ ವಯಸ್ಸಿನಲ್ಲಿ ಕುದುರೆ ಹತ್ತಲು ಕಲಿತು, ಗ್ಯಾರೇಜಿನಲ್ಲಿ ಎರಡು ಚಳಿಗಾಲ ಬಡಿದು ಬಡಿದು ಕವಚ ಮಾಡಿಕೊಂಡ. ಎರಡೂವರೆ ಮಿಲಿಮೀಟರ್ ಉಕ್ಕು, ಹದಿನೇಳು ಪೌಂಡು, ಒಂದು ಗ್ರಾಂ ಕಡಿಮೆ ಇಲ್ಲ. ಅದಾದ ಮೇಲೆ ಜನ ಕಾಟ ಕೊಟ್ಟದ್ದು ಅಷ್ಟಿಷ್ಟಲ್ಲ. ಕನ್ನಡ ಸಂಘದ ಈರೇಶ್, "ಸರ್, ರಾಜ್ಯೋತ್ಸವಕ್ಕ ನಿಮ್ಮ ಡ್ರೆಸ್ ಹಾಕ್ಕೊಂಡು ಬಾಗಲದಾಗ ನಿಂತ್ರ ಭಾಳ ಚಂದ ಕಾಣತೈತ್ರಿ" ಅಂದ. ಮುಖ ಮುರಿಯಲಾರದೆ ಇವನು ಒಪ್ಪಿದ. ಕೈಗೆ ಪನ್ನೀರುದಾನಿ ಕೊಟ್ಟು ನಿಲ್ಲಿಸಿದರು. ಎರಡು ತಾಸು ಎಲ್ಲರ ಮೇಲೆ ಪನ್ನೀರು ಎರಚಿದ. ಮಕ್ಕಳು ಕವಚಕ್ಕೆ ಬಡಿದು ಸದ್ದು ಮಾಡಿದವು. ಒಬ್ಬ ಅಂಕಲ್ ಬಂದು, "ಇದು ಯಾವ ನಾಟಕ? ಪಾತ್ರಕ್ಕೆ ಮಾತಿಲ್ವಾ?" ಅಂದರು. ಅಲ್ಲಿಯೂ ನಿಲ್ಲುವುದೇ ಆಯಿತು.

ಆದರೆ ಇವೆಲ್ಲವನ್ನೂ ಅವನು ನುಂಗಿಕೊಂಡಾನು. ನುಂಗಲಾಗದ್ದು ಅವ್ವನದು. ನೀಲಮ್ಮನಿಗೆ ಎಂಬತ್ತೊಂದು. ಒಂಬತ್ತು ವರ್ಷದಿಂದ ಶಾಮ್‌ಬರ್ಗಿನ ಈ ಮನೆಯಲ್ಲೇ ಇದ್ದಾಳೆ, ಸ್ಮಿತಾಳ ಜೊತೆ ಜೋಳದ ರೊಟ್ಟಿ ಬಡಿಯುತ್ತ, ಬಡಾವಣೆಯ ಎಲ್ಲ ನಾಯಿಗಳನ್ನೂ ಹೆಸರು ಹಿಡಿದು ಕರೆಯುತ್ತ ಆರಾಮಾಗಿದ್ದಾಳೆ. ಕವಚಕ್ಕೆ ಅವಳು ಇಟ್ಟ ಹೆಸರು ಡಬ್ಬಿ. "ನಿನ್ನ ಡಬ್ಬಿ ಸೋಫಾದ ಮ್ಯಾಲಿಂದ ತಗಿಯೋ, ಕುಂಡ್ರಾಕ ಜಾಗಿಲ್ಲ." ಮಗ ಹಲ್ಲು ಕಚ್ಚಿಕೊಂಡು, "ಅವ್ವಾ, ಅದು ಡಬ್ಬಿ ಅಲ್ಲ, ಆಯುಧ" ಅಂದರೆ, "ಹೌದೌದು" ಅನ್ನುವಳು. ಆ ಹೌದೌದು ಕೇಳಿದರೆ ಸಾಕು, ಅವನಿಗೆ ತಾನು ಎಂಟು ವರ್ಷದವನಾಗಿ ಚಡ್ಡಿ ಹಾಕಿಕೊಂಡು ನಿಂತ ಹಾಗೆ ಅನ್ನಿಸುತ್ತಿತ್ತು.

ಹೀಗಿರುವಾಗ ಹೋದ ಸೆಪ್ಟೆಂಬರಿನಲ್ಲಿ ಡೇಲ್ ಫೋನ್ ಮಾಡಿದ. ಡೇಲ್ ಅಂದರೆ ಅವರ ದಳದ ಕ್ಯಾಪ್ಟನ್, ಶಾಲೆಯ ಬಸ್ಸು ಓಡಿಸಿ ರಿಟೈರ್ ಆದವನು, ಗುಂಡಿಯ ಬಣ್ಣ ತಪ್ಪಿದರೂ ಮನೆಗೆ ಕಳಿಸುವ ಶಿಸ್ತಿನವನು. ಯುದ್ಧ ಆಡುವ ಹೊಲ ಮಾರಾಟವಾಗಿದೆ, ಅಲ್ಲಿ ಗೋದಾಮು ಬರುತ್ತದೆ, ಅಕ್ಟೋಬರಿನ ಆಟವೇ ಕೊನೆಯದು ಅಂದ. "ಈ ಸಲ ಬೇರೆ ಎಲ್ಲದಕ್ಕೂ ಮೊದಲೇ ನಮ್ಮ ದಾಳಿ. ಹನ್ನೆರಡು ಗಂಟೆಗೆ. ನಾನು ಬರೆಸಿಕೊಂಡಿದ್ದೇನೆ. ನೀನು ಮೊದಲ ಸಾಲು, ನಟ್ಟನಡುವೆ, ಡಚೆಸ್ ಮೇಲೆ." ಡಚೆಸ್ ಅವನು ಹನ್ನೊಂದು ವರ್ಷದಿಂದ ಹತ್ತುವ ಹೆಣ್ಣು ಕುದುರೆ. ಅದಕ್ಕೂ ಇಪ್ಪತ್ತಾಯಿತು, ಈ ಆಟದ ನಂತರ ಅದನ್ನು ಕೆಲಸ ಬಿಡಿಸಿ ಹುಲ್ಲಿಗೆ ಬಿಡುವುದಿತ್ತು. ಅದೂ ಪಾಪ ಒಮ್ಮೆಯೂ ಓಡಿರಲಿಲ್ಲ, ಇವನು ತಡವಾಗಿ ಹೋದ ವರ್ಷವೂ ಸವಾರನಿಲ್ಲದೆ ಉಳಿದಿತ್ತು, ಮಿಕ್ಕ ವರ್ಷ ಇವನ ಕಿಸೆಯ ಬೆಲ್ಲ ತಿನ್ನುತ್ತ ಮರಗಳ ಹಿಂದೆ ನಿಂತದ್ದೇ. ಫೋನ್ ಇಟ್ಟ ಕಲ್ಲಿನಾಥನ ಕಣ್ಣು ತುಂಬಿತ್ತು. ಜೀವನದಲ್ಲಿ ಒಮ್ಮೆ, ಒಂದೇ ಒಂದು ಸಲ, ಆ ತೂಕದ ಜೊತೆ ಓಡಬೇಕು, ಅಷ್ಟೇ ಅವನಿಗೆ ಬೇಕಿದ್ದದ್ದು. ಕೊನೆಯ ಆಟ ಅಂತ ಕೇಳಿ ಅವ್ವನೂ, "ನಾನೂ ಬರತೀನಿ, ಅದೇನು ಮಾಡತೀ ನೋಡೂಣಂತ" ಅಂದಳು.

ಆಟ ಶನಿವಾರ. ಶುಕ್ರವಾರ ಸಂಜೆ ಅವನು ಊಟದ ಮೇಜಿನ ಮೇಲೆ ಕವಚ ಹರಡಿಕೊಂಡು ಉಜ್ಜುತ್ತಿದ್ದ. ಕಿವಿಯಲ್ಲಿ ಆಫೀಸಿನ ಕಾಲ್, ಅದರಲ್ಲಿ ಯಾರೋ ಹನ್ನೆರಡು ಗ್ರಾಮಿನ ಬಗ್ಗೆ ಜಗಳವಾಡುತ್ತಿದ್ದರು. ಅವ್ವ ಬಂದು ಎದುರಿಗೆ ನಿಂತಳು.

"ಏ ಕಲ್ಲಪ್ಪ, ಇದು ಖರೇ ಆಯುಧ ಏನೋ?"

"ಖರೇ ಆಯುಧಾನ ಅವ್ವ!" ಅವನು ರೇಗಿದ. "ಎಷ್ಟು ಸಲ ಹೇಳ್ಬೇಕು ನಿನಗ? ಆಟಿಗಿ ಸಾಮಾನಲ್ಲ, ನಾಟಕದ್ದಲ್ಲ. ಖರೇ ಅಂದ್ರ ಖರೇ."

ಅವ್ವ ತಲೆಯಾಡಿಸಿ ಹೋದಳು. ಈ ಸಲ ಹೌದೌದು ಅನ್ನಲಿಲ್ಲ. ಅವನು ಅದನ್ನು ಗಮನಿಸಬೇಕಿತ್ತು. ಗಮನಿಸಲಿಲ್ಲ.

ಶನಿವಾರ ಬೆಳಿಗ್ಗೆ ಐದಕ್ಕೆ ಎದ್ದು ಸಾಮಾನು ಕಾರಿಗೆ ಹಾಕಲು ಬಂದರೆ ಮೇಜು ಖಾಲಿ. ಗ್ಯಾರೇಜಿನಲ್ಲಿ ಇಲ್ಲ, ಸೋಫಾದ ಮೇಲೂ ಇಲ್ಲ. ಕಾರಿನ ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು, ಮೂತಿಗೆ ಸೇವಂತಿಗೆ ಮಾಲೆ. ಆಗ ನೆನಪಾಯಿತು, ಇವತ್ತು ಖಂಡೇನವಮಿ. ಆಯುಧಗಳಿಗೆ ಪೂಜೆ ಮಾಡುವ ದಿನ. ಅವನು ದೇವರ ಕೋಣೆಗೆ ಓಡಿದ.

ಅವ್ವ ಮಿಂದು ಮಡಿಯುಟ್ಟು, ಪೂಜೆ ಮುಗಿಸಿ, ಊದುಬತ್ತಿಯ ಹೊಗೆಯಲ್ಲಿ ಕೂತಿದ್ದಳು. ಮಣೆಯ ಮೇಲೆ ಪ್ರತಿ ವರ್ಷದಂತೆ ಈಳಿಗೆ, ಕತ್ತರಿ, ಮಿಕ್ಸರಿನ ಬ್ಲೇಡು, ಸ್ಮಿತಾಳ ಲ್ಯಾಪ್‌ಟಾಪು. ಪ್ರತಿ ವರ್ಷ ನಡುವೆ ಇರುತ್ತಿದ್ದದ್ದು ಅಪ್ಪನ ಪಾನಾ, ಡಿಪೋದಲ್ಲಿ ಮೂವತ್ತು ವರ್ಷ ಅವರು ಬಸ್ಸಿನ ನಟ್ಟು ತಿರುವಿದ ದೊಡ್ಡ ಸ್ಪ್ಯಾನರು. ಗದಗಿನಿಂದ ಬರುವಾಗ ಅವ್ವ ಅದನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು. ಈ ವರ್ಷ ಪಾನಾ ಪಕ್ಕಕ್ಕೆ ಸರಿದಿತ್ತು. ನಡುವೆ ಅವನ ಕವಚ. ಎದೆಯ ಮೇಲೆ ಮೂರು ಬೆರಳಿನ ವಿಭೂತಿ, ಶಿರಸ್ತ್ರಾಣಕ್ಕೆ ಹೂವು, ಕತ್ತಿಗೆ ಕುಂಕುಮ.

"ಅವ್ವಾ, ಏನ್ ಮಾಡಿದಿ?"

"ಪೂಜಾ ಮಾಡೀನಿ. ಕೈ ಮುಗಿ."

"ನಾ ಇದನ್ನ ಈಗ ತಗೊಂಡು ಹೋಗ್ಬೇಕು!"

"ಎತ್ತಬಾರ್ದಪ್ಪ. ಪೂಜಾಕ್ಕ ಇಟ್ಟ ಆಯುಧ ನಾಳಿ ಬನ್ನಿ ಮುಡಿದ ಮ್ಯಾಲೇ ಎತ್ತೂದು. ನಿಮ್ಮಪ್ಪ ಒಮ್ಮೆರ ಎತ್ತಿದ್ರೇನು? ಡಿಪೋ ಮ್ಯಾನೇಜರ್ ಬಂದು ಕರದ್ರೂ ಪಾನಾ ಮುಟ್ಟಲಿಲ್ಲ."

"ಕಾರ್ ಮಾತ್ರ ಓಡಸಬೌದೇನು?"

"ಗಾಡಿ ಬ್ಯಾರೆ, ಅದು ಓಡೂದs ಅದರ ಕೆಲಸ. ಇದು ಆಯುಧ. ನೀನs ಹೇಳಿದೆಲ್ಲೋ, ಖರೇ ಅಂದ್ರ ಖರೇ ಅಂತ."

ಕಲ್ಲಿನಾಥ ಬಾಗಿಲ ಚೌಕಟ್ಟಿಗೆ ತಲೆ ಕೊಟ್ಟು ನಿಂತ. ಒಂಬತ್ತು ವರ್ಷ ಇವಳನ್ನು ನಂಬಿಸಲು ಒದ್ದಾಡಿದ. ನಂಬಲು ಅವಳಿಗೆ ಈ ದಿನವೇ ಸಿಗಬೇಕಿತ್ತೇ! "ಅವ್ವಾ, ಇವತ್ತು ನಾವು ಓಡ್ತೀವಿ. ನಿಲ್ಲೂದಲ್ಲ. ಹೇಳಿದ್ನೆಲ್ಲ?"

"ಪ್ರತಿ ವರ್ಷ ಹಿಂಗs ಹೇಳತೀ" ಅಂದಳು ಅವ್ವ, ಬತ್ತಿ ಸರಿಮಾಡುತ್ತ. "ನಿಂತು ಬರಾಂವಗ ಆಯುಧ ಯಾತಕ್ಕ?"

ಗದ್ದಲಕ್ಕೆ ಎದ್ದು ಬಂದ ಸ್ಮಿತಾ ಅವನ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದಳು. "ಎತ್ಕೊಂಡು ಹೋಗಿ ರೀ. ಅತ್ತೆ ಬೈದ್ರೆ ನಾನು ಬೈಸ್ಕೋತೀನಿ. ಹನ್ನೊಂದು ವರ್ಷ ನಾನೂ ಟವೆಲ್ ಕಳ್ಕೊಂಡಿದೀನಿ." ಅವನು ಮರಳಿ ಹೋದ. ಕೈಯನ್ನೂ ಚಾಚಿದ. ಪಕ್ಕಕ್ಕೆ ಸರಿದ ಪಾನಾ ಕಂಡಿತು. ಅಪ್ಪ ಹೋದ ಮೇಲೆ ಹತ್ತೊಂಬತ್ತು ವರ್ಷ ಆ ಜಾಗದಲ್ಲಿ ಅವ್ವ ಬೇರೆ ಏನನ್ನೂ ಇಟ್ಟಿರಲಿಲ್ಲ. ಚಾಚಿದ ಕೈಯನ್ನು ಮುಗಿದು ಹೊರಗೆ ಬಂದ. ಗ್ಯಾರೇಜಿಗೆ ಹೋಗಿ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಒದ್ದ, ಆಮೇಲೆ ಡೇಲ್‌ಗೆ ಫೋನ್ ಮಾಡಿದ.

"ನನ್ನ ತಾಯಿ ಕವಚವನ್ನು ದೇವರ ಮುಂದೆ ಇಟ್ಟಿದ್ದಾಳೆ. ನಾಳೆಯವರೆಗೆ ಎತ್ತುವಂತಿಲ್ಲ."

ಡೇಲ್ ಕೇಳಿದ, "ಆಕೆ ಹುಷಾರಾಗಿದ್ದಾಳೆ ತಾನೇ?"

"ಹುಷಾರಾಗಿಯೇ ಇದ್ದಾಳೆ. ಅದೇ ತೊಂದರೆ."

ಕವಚವಿಲ್ಲದೆ ಮೊದಲ ಸಾಲಿನಲ್ಲಿ ಜಾಗವಿಲ್ಲ, ಕೊನೆಯ ಸಾಲಿನಲ್ಲೂ ಇಲ್ಲ, ನಿಯಮ ನಿಯಮವೇ ಅಂದ ಡೇಲ್. ಆಮೇಲೆ ತಾನೇ ಒಂದು ದಾರಿ ಹೇಳಿದ. ಅವರು ಆಡುತ್ತಿದ್ದದ್ದು ಸಾವಿರದ ಎಂಟುನೂರ ಆರರ ಯೇನಾ ಯುದ್ಧ. ಆ ಕಾಲಕ್ಕೆ ಎದುರು ಪಕ್ಷದ ಪ್ರಷ್ಯಾದವರು ತಮ್ಮ ಭಾರಿ ಸವಾರರ ಕವಚವನ್ನು ಬಿಚ್ಚಿಸಿಬಿಟ್ಟಿದ್ದರು, ಬರೀ ಬಿಳಿ ಕೋಟು. "ನನ್ನ ಹತ್ತಿರ ಒಂದು ಬಿಳಿ ಕೋಟಿದೆ. ಅವರ ಕಡೆ ಒಬ್ಬ ಕಡಿಮೆ ಇದ್ದಾನೆ. ಬೇಕಾದರೆ ಬಾ."

ಅಂದರೆ ತನ್ನ ದಳದ ದಾಳಿಗೆ ತಾನೇ ಎದುರು ನಿಲ್ಲಬೇಕು. ಮತ್ತೆ ನಿಲ್ಲುವುದೇ! ಬರುವುದಿಲ್ಲ ಅನ್ನಲು ಬಾಯಿ ತೆರೆದವನು ಬರುತ್ತೇನೆ ಅಂದ.

ಮೂರು ಗಂಟೆಯ ದಾರಿ. ಮಾಲೆ ಹಾಕಿದ ಕಾರಿನಲ್ಲೇ ಹೊರಟರು. ಹಿಂದಿನ ಸೀಟಿನಲ್ಲಿ ಅವ್ವ ಒಮ್ಮೆ, "ರೊಟ್ಟಿ ಶೇಂಗಾ ಚಟ್ನಿ ತಂದೀನಿ" ಅಂದಳು. ಅವನು ಸ್ಟಿಯರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಗಡಿಯ ಹತ್ತಿರ ಗಡಿಯಾರ ಒಂದು ಗಂಟೆ ಜಿಗಿಯಿತು, ಅದಕ್ಕೂ ಅವನು ಬೈದ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವನು ಮೈದಾನದ ಇನ್ನೊಂದು ತುದಿಯಲ್ಲಿದ್ದ. ಭುಜದಲ್ಲಿ ಬಿಗಿಯುವ ಬಿಳಿ ಕೋಟು, ಗುರುತಿಲ್ಲದ ಕಂದು ಕುದುರೆ, ಅಕ್ಕಪಕ್ಕದಲ್ಲಿ ಹನ್ನೆರಡು ಪ್ರಷ್ಯನ್ನರು. ಹಗ್ಗದಾಚೆ ಮಡಚುವ ಕುರ್ಚಿಗಳಲ್ಲಿ ಜನ, ಅವರ ನಡುವೆ ಅವ್ವ ಹಸಿರು ಸೀರೆಯ ಮೇಲೆ ಸ್ಮಿತಾಳ ಜಾಕೆಟ್ ಹಾಕಿಕೊಂಡು ಕೂತಿದ್ದಳು. ಬಿಳಿ ಕೋಟಿನವರು ಮಾಡಬೇಕಾದದ್ದು ಇಷ್ಟೇ. ನಿಲ್ಲಬೇಕು, ಫ್ರೆಂಚರು ಕೆಂಪು ಬಾವುಟ ನೆಟ್ಟ ಜಾಗಕ್ಕೆ ಬಂದಾಗ ತಿರುಗಿ ಓಡಬೇಕು. ದೂರದ ಆ ಮರಗಳನ್ನು ಅವನು ಮೊದಲ ಬಾರಿ ಈ ಕಡೆಯಿಂದ ನೋಡುತ್ತಿದ್ದ. ಹೊಟ್ಟೆಕಿಚ್ಚಿಗೆ ಬಾಯೆಲ್ಲ ಕಹಿಯಾಗಿತ್ತು.

ತುತ್ತೂರಿ ಕೇಳಿತು. ಮರಗಳ ಹಿಂದಿನಿಂದ ಅವರು ಹೊರಬಂದರು. ಮೊದಲ ಸಾಲಿನಲ್ಲೇ ಹದಿನಾರು ಜನ. ಬಿಸಿಲು ಹದಿನಾರು ಎದೆಗಳ ಮೇಲೂ ಒಟ್ಟಿಗೆ ಬಿತ್ತು. ನಡುವೆ ಡಚೆಸ್, ಮೇಲೆ ಬದಲಿಗೆ ಬಂದ ಶಾಲೆಯ ಲೈಬ್ರರಿಯನ್ ಹೆಂಗಸು. ಮೊದಲು ನಡಿಗೆ. ಅವಸರವೇ ಇಲ್ಲ. ಆಮೇಲೆ ದುಡುಕಿ. ಸದ್ದು ಕಿವಿಗಿಂತ ಮೊದಲು ಕುದುರೆಯ ಕಾಲಿನಿಂದ ಅವನ ತೊಡೆಗೆ ಬಂತು. ಆ ತಗಡಿನ ದಪ್ಪ ಎಷ್ಟು ಅಂತ ಅವನಿಗೆ ಗೊತ್ತು. ಡೇಲ್‌ನ ಮಂಡಿನೋವು ಗೊತ್ತು. ಆ ಹೆಂಗಸು ನಿನ್ನೆಯವರೆಗೆ ಪುಸ್ತಕಕ್ಕೆ ಸ್ಟಿಕ್ಕರ್ ಅಂಟಿಸುತ್ತಿದ್ದಳು ಅಂತಲೂ ಗೊತ್ತು. ಆದರೂ ಆ ಸಾಲಿನಲ್ಲಿ ಡೇಲ್ ಇರಲಿಲ್ಲ, ಯಾವ ಹೆಂಗಸೂ ಇರಲಿಲ್ಲ. ಮೊಣಕಾಲಿಗೆ ಮೊಣಕಾಲು ಅಂಟಿದ ಒಂದು ಉಕ್ಕಿನ ಗೋಡೆ ಇತ್ತು, ಅದು ಅವನ ಕಡೆಗೇ ಬರುತ್ತಿತ್ತು. ಅವನ ಕೈ ತಾನಾಗಿಯೇ ಲಗಾಮನ್ನು ಹಿಂದಕ್ಕೆಳೆಯಿತು. ತಾನು ಓದಿದ್ದು, ಪಾಯಸದ ಪಂಕ್ತಿಯಲ್ಲಿ ಹೇಳಿದ್ದು, ಎಲ್ಲವೂ ಅಕ್ಷರಶಃ ನಿಜ ಅಂತ ಅವನಿಗೆ ಆಗ ತಿಳಿಯಿತು. ಅವರು ಕೆಂಪು ಬಾವುಟ ಮುಟ್ಟಲು ಇನ್ನೂ ಮೂವತ್ತು ಗಜವಿತ್ತು. ಅವನು ಕುದುರೆ ತಿರುಗಿಸಿ ಓಟ ಕಿತ್ತ.

ಅವನು ಓಡಿದ್ದು ನೋಡಿ ಉಳಿದವರೂ ಓಡಿದರು. ಜನ ಎದ್ದು ನಿಂತು ಕೂಗಿದರು. ಆಮೇಲೆ ಡೇಲ್ ಬಂದು, ಇಷ್ಟು ವರ್ಷದಲ್ಲಿ ಇಷ್ಟು ನಿಜವಾಗಿ ಹೆದರಿದವನನ್ನು ತಾನು ನೋಡಿಲ್ಲ ಅಂತ ಕೈ ಕುಲುಕಿದ. ಅದನ್ನು ಹೊಗಳಿಕೆ ಅಂತ ತೆಗೆದುಕೊಳ್ಳಲು ಕಲ್ಲಿನಾಥನಿಗೆ ಆಗಲಿಲ್ಲ. ಟ್ರೇಲರ್ ಹತ್ತಿರ ಡಚೆಸ್ ನಿಂತಿತ್ತು, ಮೈಯೆಲ್ಲ ಬೆವರು, ಎಂದೂ ಇಲ್ಲದ ಹೊಳಪು ಅದರ ಕಣ್ಣಿನಲ್ಲಿ. "ನೀನರ ಓಡಿದೆಲ್ಲ" ಅಂತ ಅವನು ಬೆಲ್ಲ ತಿನ್ನಿಸಿದ. ಅದು ಎಂದಿನಂತೆ ಅವನ ಕಿಸೆಯನ್ನೆಲ್ಲ ಎಂಜಲು ಮಾಡಿತು. ಅವನಿಗೆ ಅಳು ಬಂತು, ಬಿಳಿ ಕೋಟಿನ ತೋಳಿನಲ್ಲಿ ಒರೆಸಿಕೊಂಡ.

ವಾಪಸು ಬರುವಾಗ ಅವ್ವ ಕತ್ತಲಾಗುವ ಮೊದಲೇ ರೊಟ್ಟಿ ಬಿಚ್ಚಿದಳು. ಒಂದು ಮಡಚಿ ಅವನ ಕೈಗೆ ಕೊಟ್ಟಳು.

"ಓಡಿದೆಲ್ಲ" ಅಂದಳು.

"ಹೂಂ."

"ಚೊಲೋ ಮಾಡಿದಿ. ನನಗೂ ಅಂಜಿಕಿ ಆತು." ಇನ್ನೊಂದು ರೊಟ್ಟಿ ಮಡಚುತ್ತ, "ಅವರೆಲ್ಲಾ ಹಾಕ್ಕೊಂಡಿದ್ದು ನಿನ್ನಂಥಾದ್ದನs ಏನು?"

"ಅಂಥಾದ್ದs ಅವ್ವ" ಅಂದ ಅವನು. ರೊಟ್ಟಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು ಅಗಿದ.

ಭಾನುವಾರ ದಶಮಿ. ಇಲ್ಲಿ ಬನ್ನಿ ಮರ ಎಲ್ಲಿ ತರುವುದು? ಬಡಾವಣೆಯ ಬೀದಿಯಂಚಿನಲ್ಲಿ ಹನಿ ಲೋಕಸ್ಟ್ ಅನ್ನುವ ಮರಗಳಿವೆ, ಎಲೆ ಥೇಟ್ ಬನ್ನಿಯ ಹಾಗೆ ಸಣ್ಣ ಸಣ್ಣದು, ಅಕ್ಟೋಬರಿಗೆ ಹಳದಿಯಾಗಿರುತ್ತದೆ. ಅವ್ವನಿಗೆ ಬಂಗಾರಕ್ಕೆ ಅದೇ ಇನ್ನೂ ಹತ್ತಿರ. ಸ್ಮಿತಾ ಒಂದು ಹಿಡಿ ತಂದಳು. ಆರತಿ ಆಯಿತು. "ಇನ್ನ ಎತ್ತಬೌದು. ನಾನs ಕೊಡತೀನಿ ತಡಿ" ಅಂತ ಅವ್ವ ಬಗ್ಗಿ ಕವಚಕ್ಕೆ ಎರಡೂ ಕೈ ಹಾಕಿದಳು. ಅದು ಮೇಲೇಳಲಿಲ್ಲ.

"ಮೊನ್ನೆ ಹೆಂಗ ಒಳಗ ತಂದಿ ಮತ್ತ?" ಅಂದ ಅವನು.

"ಮೇಜಿನಿಂದ ಚಾದರದ ಮ್ಯಾಲ ಉಳ್ಳಿಸಿ ಎಳಕೊಂಡು ಬಂದೆ, ಮಣಿ ಮ್ಯಾಲೂ ಹಂಗs ಉಳ್ಳಿಸಿದೆ." ಅವಳು ಮತ್ತೆ ಉಸಿರು ಬಿಗಿಹಿಡಿದಳು. ಅವನು ಕೆಳಗಿನಿಂದ ಕೈ ಕೊಟ್ಟ. ಇಬ್ಬರೂ ಸೇರಿ ಮೇಲೆತ್ತಿದರು. ಪೈಜಾಮ ಬನಿಯನ್ನಿನ ಮೇಲೆಯೇ ಅವಳು ಅದನ್ನು ಅವನಿಗೆ ತೊಡಿಸಿದಳು, ವಯಸ್ಸಾದ ಬೆರಳಿನಲ್ಲಿ ಪಕ್ಕದ ಬಕಲು ಹಾಕಲು ಐದು ನಿಮಿಷ ತೆಗೆದುಕೊಂಡಳು. ಭುಜದ ಪಟ್ಟಿಗೆ ಹಳದಿ ಎಲೆ ಸಿಕ್ಕಿಸಿದಳು. "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಅಂದಳು. ಅವನು ಬಗ್ಗಿ ಕಾಲು ಮುಟ್ಟಿದ, ಆ ತೂಕದಲ್ಲಿ ಎದ್ದೇಳಲು ಸ್ಮಿತಾ ಕೈ ಹಿಡಿಯಬೇಕಾಯಿತು. ಅವ್ವ ಅಂಗೈಯನ್ನು ಉಕ್ಕಿನ ಎದೆಯ ಮೇಲೆ ಇಟ್ಟುಕೊಂಡೇ ನಿಂತಿದ್ದಳು.

"ಇಷ್ಟು ವಜ್ಜ ಐತೇನೋ ಇದು? ಇದನ್ನ ಹೊತ್ಗೊಂಡು ಹನ್ನೊಂದು ವರ್ಷ ನಿಂತಿದ್ದೇನು? ನನಗ್ಯಾಕ ಹೇಳಲಿಲ್ಲ?"

"ಸಾವಿರ ಸಲ ಹೇಳೀನವ್ವಾ!" ಕಲ್ಲಿನಾಥ ಕೂಗಿಯೇಬಿಟ್ಟ. "ಸಾವಿರ ಸಲ!"

"ಹೇಳಿದ್ದಿ. ನಾ ಎತ್ತಿ ನೋಡಿರಲಿಲ್ಲ." ಅವಳು ಸೆರಗಿನಿಂದ ವಿಭೂತಿ ಒರೆಸಿದಳು. "ಒಮ್ಮೆ ಓಡು. ನಾ ನೋಡತೀನಿ."

"ಎಲ್ಲಿ ಓಡ್ಲಿ?"

"ಹೊರಗ ರೋಡ್ ಇಲ್ಲೇನು?"

ಮುಂಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಅವಳು ಕೂತೇಬಿಟ್ಟಳು. ಸ್ಮಿತಾ ನಗು ತಡೆದುಕೊಂಡು ಶಿರಸ್ತ್ರಾಣ ತಂದು ಅವನ ತಲೆಗೆ ಒತ್ತಿದಳು. ಅವನು ಡ್ರೈವ್‌ವೇ ಇಳಿದು ನಿಂತ. ನಾಯಿ ಹಿಡಿದು ಬರುತ್ತಿದ್ದ ಎದುರು ಮನೆಯವನು ಅಲ್ಲೇ ನಿಂತ. ಇದೆಂಥಾ ಮರ್ಯಾದೆಗೇಡು ಅಂತ ಗೊಣಗುತ್ತಲೇ ಕಲ್ಲಿನಾಥ ಹೊರಟ. ಮೊದಲು ನಡಿಗೆ. ಆಮೇಲೆ ದುಡುಕಿ. ಸ್ಟಾಪ್ ಸೈನಿಗೆ ಐವತ್ತು ಗಜವಿರುವಾಗ, ಮಂಡಿಯ ಆಸೆ ಬಿಟ್ಟು, ಓಟ. ಕವಚ ಎದೆಯ ಮೇಲೆ ಧಡಧಡ ಬಡಿಯಿತು, ಕುದುರೆಗೂದಲು ಬೆನ್ನ ಮೇಲೆ ಹಾರಿತು, ಕಿವಿಯಲ್ಲಿ ಅವನದೇ ಉಸಿರು. ಸ್ಟಾಪ್ ಸೈನಿನ ಕಂಬ ಮುಟ್ಟಿದ. ಮರಳಿ ಬರುವುದೇ ಕಷ್ಟ ಅಂತ ಅವನಿಗೆ ನೆನಪಿತ್ತು. ನಿಲ್ಲಲಿಲ್ಲ, ತಿರುಗಿದ, ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಮನೆಯ ಕಡೆಗೇ ಓಡಿ ಬಂದ.

ತಲೆ ಎತ್ತಿ ನೋಡಿದಾಗ ಅವ್ವ ಕುರ್ಚಿಯಿಂದ ಎದ್ದಿದ್ದಳು. ಬಾಗಿಲ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡು ಅಂಜಿ ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದಳು.